ಬೋಳು ಅಕ್ಷರದ ಕೈಪಿಡಿ

ಬೆಳಗಿನ ಆರೂವರೆಗೆ ಥೊವಾ ಬಟ್ಟೆ ಒಗೆಯುವ ಮೆಷಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಗಾಜಿನ ಬಾಗಿಲನ್ನು ಎರಡೂ ಕೈಯಿಂದ ಎಳೆಯುತ್ತಿದ್ದಳು. ಅದು ಜಪ್ಪಯ್ಯ ಅಂದರೂ ಬರಲಿಲ್ಲ. ಒಳಗೆ ಅವಳ ತಾಯಿಯ ಕೆಂಪು ರೇಷ್ಮೆಯ ನಿಲುವಂಗಿ ದಬದಬ ಬಡಿದುಕೊಳ್ಳುತ್ತ ಸುತ್ತುತ್ತಿತ್ತು. ಒಂಬತ್ತಕ್ಕೆ ಗಂಡಿನ ಕಡೆಯವರು ವೀಳ್ಯದೆಲೆ ಅಡಿಕೆಯ ತಟ್ಟೆಗಳನ್ನು ಹೊತ್ತು ನಿಶ್ಚಿತಾರ್ಥಕ್ಕೆ ಬರುವವರಿದ್ದರು. ಥೊವಾಳ ಮಗಳು ತುಯೆನ್ ಆ ನಿಲುವಂಗಿಯನ್ನೇ ತೊಟ್ಟು ಅವರೆದುರು ನಿಲ್ಲಬೇಕೆಂದು ಥೊವಾಳ ತಾಯಿ ಸಾಯುವ ಮುಂಚೆ ಕೈಹಿಡಿದು ಹೇಳಿ ಹೋಗಿದ್ದಳು.

"ಯಾರ ಕೆಲಸ ಇದು?" ಥೊವಾ ಕಿರುಚಿದಳು.

ಗಂಡ ಖಾಂಗ್ ಬನಿಯನ್ನಿನಲ್ಲೇ ಓಡಿ ಬಂದ. "ನಾನೇ ಕಣೆ. ನುಸಿಗುಳಿಗೆ ವಾಸನೆ ಮೂಗಿಗೆ ಹೊಡೀತಿತ್ತು. ಒಂದ್ಸಲ ಒಗೆದು ಫ್ಯಾನ್ ಕೆಳಗೆ ಹಾಕಿದ್ರೆ ಒಣಗುತ್ತೆ ಅಂತ…"

"ರೇಷ್ಮೆನ ಹೀಗೆ ಬಡೀತಾರೇನ್ರೀ? ನಿಮ್ಮ ತಲೇಲಿರೋದು ಮೆದುಳೋ, ಅಂಟಕ್ಕಿ ಅನ್ನವೋ?"

"ಪುಸ್ತಕದಲ್ಲಿ ಹಾಗೇ ಇತ್ತು," ಎಂದ ಖಾಂಗ್, ನೆಲ ನೋಡುತ್ತ.

ಪುಸ್ತಕವಂತೆ ಪುಸ್ತಕ! ಆ ಕೈಪಿಡಿಯ ಹೆಸರೆತ್ತಿದರೆ ಥೊವಾಳಿಗೆ ಮೈ ಉರಿಯುತ್ತಿತ್ತು. ವಿಯೆಟ್ನಾಮಿನ ಮಾತಿಗೆ ಅಕ್ಷರದ ತಲೆಯ ಮೇಲಿನ ಗೀಟು, ಕೊಂಬುಗಳೇ ಜೀವ. ಅವನ್ನು ತೆಗೆದರೆ ಒಂದೇ ಪದ ಐದಾರು ಅರ್ಥ ಹೇಳುತ್ತದೆ. ಮೆಷಿನ್ ಮಾಡಿದ ಪುಣ್ಯಾತ್ಮರು ಇಡೀ ಕೈಪಿಡಿಯನ್ನು ಗುರುತುಗಳೇ ಇಲ್ಲದೆ, ತಲೆ ಬೋಳಿಸಿ ಅಚ್ಚುಹಾಕಿಸಿದ್ದರು. ‘ಬಾಗಿಲು ತೆರೆ’ ಅಂತಿದ್ದದ್ದನ್ನು ‘ಏಡಿ ತಡಕು’ ಅಂತಲೂ ಓದಬಹುದಿತ್ತು. ‘ಒಗೆ’ ಅಂದದ್ದು ‘ಶಾಕ್ ಹೊಡೆಸು’ ಅಂತಲೂ ಆಗುತ್ತಿತ್ತು.

ಮೆಷಿನ್ ಮನೆಗೆ ಬಂದು ನಾಲ್ಕು ದಿನವಾಗಿತ್ತು. ನಾಲ್ಕೂ ಸಂಜೆ ಖಾಂಗ್ ಅಂಗಳದಲ್ಲಿ ಕಾಫಿ ಹೀರುತ್ತ ಈ ಕೈಪಿಡಿಯನ್ನು ಗಂಭೀರವಾಗಿ ಪಾರಾಯಣ ಮಾಡಿದ್ದ. "ಏಡಿ ತಡಕುವ ಮುನ್ನ ಎರಡು ನಿಮಿಷ ಕಾಯಿರಿ. ಕೂಸಿನ ಬಟ್ಟೆಗೆ ಮೆಲ್ಲನೆ ಶಾಕ್ ಹೊಡೆಸಿರಿ." ಓಣಿಯ ಹೆಂಗಸರು ಕುರ್ಚಿ ಹೊತ್ತು ತಂದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸಾದೆಕ್ ಪೇಟೆಯಲ್ಲಿ ನಗದೆ ಇದ್ದವಳು ಥೊವಾ ಒಬ್ಬಳೇ. ಇಪ್ಪತ್ತೆಂಟು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವಳಿಗೆ ಅಂಥ ಪುಟ ಕಂಡರೆ ಕೈ ತುರಿಸುತ್ತದೆಯೇ ಹೊರತು ನಗು ಬರುವುದಿಲ್ಲ.

ಮೆಷಿನ್ ಗಡಗಡ ಅಂದು ನಿಂತಿತು. ಒಳಗೆ ಅರ್ಧಕ್ಕೆ ನೀರು ಹಾಗೇ ಇತ್ತು, ನೀರು ಕೆಂಪಗಿತ್ತು. ಬಾಗಿಲು ಮಾತ್ರ ತೆರೆಯಲಿಲ್ಲ.

"ಬಣ್ಣ ಬಿಡ್ತಿದೆ ಕಣಮ್ಮ!" ಕೂದಲಿಗೆ ಸುರುಳಿ ಸಿಕ್ಕಿಸಿಕೊಂಡಿದ್ದ ತುಯೆನ್ ಓಡಿ ಬಂದಳು. "ಬೇಗ ತೆಗಿಯಮ್ಮ!"

"ಕೊಡ್ರೀ ಇಲ್ಲಿ ಆ ದರಿದ್ರ ಪುಸ್ತಕಾನ!"

ಖಾಂಗ್ ಅದನ್ನು ಪೂರ್ತಿ ಕೈಗೆ ಕೊಡಲಿಲ್ಲ. ಕೊನೆಯ ಪುಟವನ್ನಷ್ಟೇ ತೆರೆದು, ಉಳಿದದ್ದನ್ನು ಬೆರಳಲ್ಲಿ ಬಿಗಿಹಿಡಿದು ಅವಳ ಮುಂದೆ ಚಾಚಿದ. ಬಾಗಿಲು ಸಿಕ್ಕಿಕೊಂಡಾಗ ಏನು ಮಾಡಬೇಕೆಂಬ ಸಾಲು ಅಲ್ಲಿತ್ತು: ‘ಕೆಳಗಿನ ಸಣ್ಣ ಮುಚ್ಚಳ ತೆಗೆದು, ದುಂಗ್ ಕೆಂಪು ದಾರ.’

ದುಂಗ್! ಒಂದು ಗುರುತು ಹಾಕಿದರೆ ‘ಬಳಸು’, ಇನ್ನೊಂದು ಹಾಕಿದರೆ ‘ಬೇಡ’.

"ದಾರ ಬಳಸಬೇಕೋ, ಮುಟ್ಟಲೇ ಬಾರದೋ?" ತುಯೆನ್ ಕೇಳಿದಳು. "ಏನಾದ್ರೂ ಕಿತ್ತು ಬಂದ್ರೆ?"

"ಏಡಿ ಕಚ್ಚಬಹುದು," ಎಂದ ಖಾಂಗ್ ಮೆಲ್ಲಗೆ.

"ಬಾಯಿ ಮುಚ್ಕೊಂಡಿರ್ರೀ!"

ಥೊವಾ ಸಾಲನ್ನು ಮೂರು ಸಲ ಓದಿದಳು. ಮುಟ್ಟಬಾರದ ದಾರವಾಗಿದ್ದರೆ ಮುಚ್ಚಳ ತೆಗೆಯಲು ಯಾಕೆ ಹೇಳುತ್ತಿದ್ದರು? "ಪದ ಒಂದನ್ನೇ ನೋಡಿದ್ರೆ ಏನೂ ಗೊತ್ತಾಗಲ್ಲ, ಪೂರ್ತಿ ವಾಕ್ಯ ನೋಡ್ಬೇಕು. ಇದು ‘ಬಳಸು’. ಸಣ್ಣ ಮಗೂಗೂ ಗೊತ್ತಾಗುತ್ತೆ," ಎಂದು ದಾರ ಜಗ್ಗಿದಳು.

ಬಾಗಿಲು ಟಪ್ಪನೆ ತೆರೆದು ಕೆಂಪು ನೀರೆಲ್ಲ ಅವಳ ಮಡಿಲಿಗೆ ಸುರಿಯಿತು. ನಿಲುವಂಗಿ ಕೈಗೆ ಬಂತು. ತುಯೆನ್‌ಳ ಹೆಗಲಿಗೆ ಹಿಡಿದು ನೋಡಿದರೆ ತೋಳು ಮೊಣಕೈವರೆಗೆ ಬರುತ್ತಿರಲಿಲ್ಲ. ಒಂದು ಪಕ್ಕದ ಹೊಲಿಗೆ ಕಂಕುಳಿಂದ ಸೊಂಟದವರೆಗೆ ಬಿಚ್ಚಿಹೋಗಿತ್ತು, ರೇಷ್ಮೆ ಮುದುಡಿ ದೊರಗಾಗಿತ್ತು. ತುಯೆನ್ ಅದನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು.

ಥೊವಾ ಗಂಡನ ಮೇಲೆ ಎಗರಿದಳು. "ನನ್ನಮ್ಮ ಮೂವತ್ತು ವರ್ಷ ಜೋಪಾನ ಮಾಡಿದ್ದನ್ನ ಮುಕ್ಕಾಲು ಗಂಟೇಲಿ ಹಾಳು ಮಾಡಿದ್ರಲ್ರೀ! ಸಾಯೋವಾಗ ಕೇಳಿದ್ದು ಇದೊಂದೇ. ಯಾವ ಪುಟದಲ್ಲಿ ಹಾಗೆ ಬರೆದಿದೆ, ತೋರ್ಸಿ!"

"ಪುಸ್ತಕ ಒದ್ದೆಯಾಗಿದೆ. ಬಿಡು ಈಗ. ತಪ್ಪು ನಂದೇ ಅಂದ್ನಲ್ಲ."

"ತೋರ್ಸಿ ಅಂದೆ!"

ಅವನ ಬೆರಳು ಬಿಡಿಸಿ ಕಿತ್ತುಕೊಂಡಳು. ರೇಷ್ಮೆಯ ಪುಟದಲ್ಲಿ ಸಾಲು ಹೀಗಿತ್ತು: ‘ರೇಷ್ಮೆ ಬಟ್ಟೆ ತೀರಾ ನಾಜೂಕು, ದುಂಗ್ ಜೋರು ಒಗೆತ.’ ಇದನ್ನು ‘ಬೇಡ’ ಅಂತಲ್ಲದೆ ಬೇರೆ ಯಾರು ಹೇಗೆ ಓದಿಯಾರು? ಬೈಯಲು ಬಾಯಿ ತೆರೆದವಳಿಗೆ ದುಂಗ್ ಪದದ ತಲೆಯ ಮೇಲೆ ಪೆನ್ಸಿಲ್ಲಿನಲ್ಲಿ ಹಾಕಿದ ‘ಬಳಸು’ವಿನ ಗೀಟು ಕಂಡಿತು. ಅಂಚಿನಲ್ಲಿ ಖಾಂಗ್‌ನ ಗುಂಡಗಿನ ಅಕ್ಷರ: ‘ಅನುಮಾನ ಇತ್ತು. ಥೊವಾಳನ್ನು ಕೇಳಿದೆ.’

ನಿನ್ನೆ ಸಂಜೆ ಅವಳು ಹೂದಾನಿ ಒರೆಸುತ್ತಿದ್ದಾಗ ಅವನು ಅಡುಗೆಮನೆಯಿಂದ ಕೂಗಿದ್ದ, "ಲೇ, ದುಂಗ್ ಅಂದ್ರೆ ಇಲ್ಲಿ ಏನೇ?" ಅವಳು ತಲೆಯೆತ್ತಿರಲಿಲ್ಲ. ಮತ್ತೆ ಅದೇ ಹಾಳು ನಗೆಚಾಟಿಕೆ ಅಂದುಕೊಂಡು, "‘ಬಳಸು’ ಕಣ್ರೀ, ಅಷ್ಟೂ ಗೊತ್ತಾಗಲ್ವಾ? ನನ್ನ ತಲೆ ತಿನ್ಬೇಡಿ," ಅಂದಿದ್ದಳು.

ಥೊವಾ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. "ಇಷ್ಟು ಹೊತ್ತು ಬೈಸ್ಕೊಂಡ್ರಲ್ಲ. ಯಾಕ್ರೀ ಬಾಯಿ ಬಿಡಲಿಲ್ಲ?"

"ಇವತ್ತೊಂದು ದಿನ ನೀನು ಅಳೋದು ಬೇಡ ಅಂತ," ಎಂದ ಖಾಂಗ್.

ಒಂಬತ್ತಕ್ಕೆ ಸರಿಯಾಗಿ ಕೆಂಪು ಬಟ್ಟೆ ಹೊದಿಸಿದ ತಟ್ಟೆಗಳು ಒಳಗೆ ಬಂದವು. ತುಯೆನ್ ಗೆಳತಿಯಿಂದ ಎರವಲು ತಂದ ಗುಲಾಬಿ ನಿಲುವಂಗಿಯಲ್ಲಿ ನಿಂತಿದ್ದಳು, ಕಣ್ಣು ಊದಿತ್ತು. ಹುಡುಗನ ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿ ಥೊವಾಳ ಕಡೆ ತಿರುಗಿದಳು. "ಅಜ್ಜಿಯ ನಿಲುವಂಗಿ ಹಾಕ್ತಾಳೆ ಅಂದಿದ್ರಿ. ಅದನ್ನ ನೋಡ್ಬೇಕು ಅಂತ ಎಷ್ಟು ಆಸೆಯಿಂದ ಬಂದೆ ಗೊತ್ತಾ?"

ಖಾಂಗ್ ಗಂಟಲು ಸರಿಮಾಡಿಕೊಂಡ. "ಅದು, ನಾನೊಬ್ಬ ದಡ್ಡ, ಮೆಷಿನ್ನಿಗೆ…"

"ಅವರಲ್ಲ, ನಾನು," ಎಂದಳು ಥೊವಾ. "ಅವರು ನನ್ನ ಕೇಳಿಯೇ ಹಾಕಿದ್ದು. ನಾನು ವಾಕ್ಯ ನೋಡದೆ ಪದ ಹೇಳ್ಬಿಟ್ಟೆ."