ಸುಮ್ಮನೆ ಕೂರೋಣ ಬನ್ನಿ

ಕರೆಂಟ್ ಆಫೀಸಿನಲ್ಲಿ ಸೊಸೆಯ ಕೆಲಸ ದೂರು ಕೇಳುವುದು. ಬೆಳಿಗ್ಗೆ ಕಿವಿಗೆ ಫೋನು ಹಚ್ಚಿಕೊಂಡರೆ ಸಂಜೆಯವರೆಗೂ ಅದೇ. ನಮ್ಮ ಮನೇಲಿ ಕರೆಂಟಿಲ್ಲ, ಪಕ್ಕದ ಮನೇಲಿ ಹೇಗಿದೆ, ನಿಮ್ಮ ಮನೇಲಿ ಹೀಗಾದ್ರೆ ನೋಡ್ಕೊಂಡು ಕೂತಿರ್ತೀರಾ ಎಂದು ಹರಿಹಾಯುವವರಿಗೆಲ್ಲ ಅವಳು ಹೂಂ ಅನ್ನಬೇಕು. ಹೂಂ ಅಂದೂ ಅಂದೂ ಮನೆ ಸೇರುವ ಹೊತ್ತಿಗೆ ಗಂಟಲಲ್ಲಿ ಆ ಒಂದಕ್ಷರವೂ ಉಳಿದಿರುತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಬೆಳಗಿನಿಂದ ಮಾತು ಕೂಡಿಟ್ಟುಕೊಂಡು ಕಾಯುತ್ತಿದ್ದಳು. ಪಾಪ, ಅವಳ ತಪ್ಪೂ ಅಲ್ಲ. ರಸ್ತೆ ಅಗಲ ಮಾಡುತ್ತೇವೆಂದು ಹಳೇ ಮನೆ ಕೆಡವಿದ ಮೇಲೆ ಇಲ್ಲಿಗೆ ಬಂದವಳು. ಅಲ್ಲಿ ಬಾಗಿಲಿಗೊಬ್ಬಳು ಗೆಳತಿ, ಇಲ್ಲಿ ಮೂರು ಮಹಡಿಯ ತುಂಬ ಮುಚ್ಚಿದ ಬಾಗಿಲು. ಮಗ ಲಾರಿ ಹತ್ತಿ ಹೋದನೆಂದರೆ ಯಾವಾಗ ಬರುತ್ತಾನೆಂಬುದು ಅವನಿಗೇ ಗೊತ್ತಿರುವುದಿಲ್ಲ. ಉಳಿದವಳು ಸೊಸೆ ಒಬ್ಬಳೇ. ಅವಳು ಚಪ್ಪಲಿ ಬಿಡುವ ಮೊದಲೇ ಶುರುವಾಗುತ್ತಿತ್ತು: "ಬಂದ್ಯಾ? ಇವತ್ತೇನಾಯ್ತು ಗೊತ್ತಾ?"

ಆಗಿರುತ್ತಿದ್ದುದು ಏನೂ ಇಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂತು, ಕೆಳಗೆ ಯಾರೋ ಕೆಮ್ಮಿದರು, ಕಿಟಕಿಗೆ ಬೆಕ್ಕು ಬಂದು ಮನೆಯೊಳಗೆ ಒಮ್ಮೆ ಕಣ್ಣಾಡಿಸಿ ಹೋಯಿತು.

ಒಂದು ಸಂಜೆ ಅತ್ತೆ ಈ ಬೆಕ್ಕಿನ ಪುರಾಣ ಹೇಳುತ್ತಲೇ ಇದ್ದಳು. ತಟ್ಟೆಯ ಮುಂದೆ ತೂಕಡಿಸುತ್ತಿದ್ದ ಸೊಸೆ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ನಿಮ್ಮ ದೂರು ದಾಖಲಾಗಿದೆ ಸಾರ್. ಲೈನ್‌ಮನ್ ಬರ್ತಾರೆ."

ಅತ್ತೆಯ ಬಾಯಿ ಅಲ್ಲಿಗೆ ಬಂದ್ ಆಯಿತು. ಮರುದಿನ ಸೊಸೆ ಬಂದಾಗ ಮಂಚದ ಕೆಳಗಿದ್ದ ಟ್ರಂಕು ಹೊರಗೆ ಬಂದಿತ್ತು, ಅದರಲ್ಲಿ ಅರ್ಧದವರೆಗೆ ಬಟ್ಟೆ ತುಂಬಿತ್ತು.

"ಮಗಳ ಮನೆಗೆ ಹೋಗ್ತೀನಿ. ಅಲ್ಲಿ ಜಾಗ ಇಲ್ಲ, ಆದ್ರೆ ಮನುಷ್ಯರಿದ್ದಾರೆ."

ಸೊಸೆಗೆ ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ನಾದಿನಿಯದು ಒಂದೇ ಕೋಣೆಯ ಮನೆ. ಅಲ್ಲಿ ಮುದುಕಿ ಮಲಗಬೇಕಾದದ್ದು ಬಾಗಿಲ ಸಂದಿಯಲ್ಲಿ, ರಾತ್ರಿ ಎದ್ದವರೆಲ್ಲ ದಾಟಿಕೊಂಡು ಹೋಗುವ ಜಾಗದಲ್ಲಿ. ಹಾಗೆ ಕಳಿಸಿಬಿಟ್ಟು ತಾನು ಇಲ್ಲಿ ಕಾಲು ಚಾಚಿ ಮಲಗುವುದು ಅವಳಿಂದ ಆಗದ ಮಾತು.

"ಈ ಭಾನುವಾರ ಒಂದು ಕಳೀಲಿ ಅತ್ತೆ. ಆಮೇಲೂ ಬೇಡ ಅನ್ಸಿದ್ರೆ ನಾನೇ ಬಸ್ ಹತ್ತಿಸ್ತೀನಿ" ಅಂದಳು. ಅತ್ತೆಗೆ ಬೇಕಾಗಿರುವುದು ಒಂದು ಕಿವಿ. ಇಷ್ಟು ದೊಡ್ಡ ಕಟ್ಟಡದಲ್ಲಿ ಒಂದಾದರೂ ಕಿವಿ ಖಾಲಿ ಇರಲೇಬೇಕು ಎಂಬುದು ಸೊಸೆಯ ಲೆಕ್ಕಾಚಾರ.

ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದು ಮೆಟ್ಟಿಲ ಬಳಿ ಅಂಟಿಸಿದಳು: 'ಭಾನುವಾರ ಸಂಜೆ ಕೆಳಗಿನ ಹಾಲ್‌ನಲ್ಲಿ ಎಲ್ಲರೂ ಸುಮ್ಮನೆ ಕೂರೋಣ ಬನ್ನಿ. ದುಡ್ಡು ಕಾಸು ಏನೂ ಬೇಡ.'

ಕೆಳಮನೆಯ ಬೀಗ ರಿಪೇರಿಯವನು ಅದನ್ನು ಎರಡೆರಡು ಸಲ ಓದಿದ. "ಏನಮ್ಮ ಮಾರ್ತೀರಿ?"

"ಏನೂ ಇಲ್ಲಣ್ಣ. ಸುಮ್ನೆ."

"ಕೊನೇಲಿ ಇನ್ಶೂರೆನ್ಸ್ ಅಂತ ತೆಗೀಬೇಡಿ ಮತ್ತೆ."

ಭಾನುವಾರ ಅವಳು ಹಾಲ್‌ನಲ್ಲಿದ್ದ ಮುರುಕು ಸೈಕಲ್‌ಗಳನ್ನು ಮೂಲೆಗೆ ತಳ್ಳಿ, ಕಸ ಗುಡಿಸಿ, ಕುರ್ಚಿಗಳನ್ನು ಹಾಕಿದಳು. ಅತ್ತೆ ಊರಿಗೆ ಹೊರಟವಳ ಹಾಗೆ ಒಳ್ಳೇ ಬಟ್ಟೆ ಉಟ್ಟು ಬಿಗುಮಾನದಿಂದ ಕೂತಳು. ಜನ ಬಂದರು. ಬೀಗದವನು ಬಂದ. ಮೇಲಿನ ಮಹಡಿಯ ಟೈಲರಮ್ಮ ಸೂಜಿ, ಗುಂಡಿ, ಯಾರದೋ ಅಂಗಿ ಹಿಡಿದುಕೊಂಡೇ ಬಂದಳು. ಇನ್ನೂ ನಾಲ್ಕಾರು ಮಂದಿ ಬಂದು ತಲೆಯಾಡಿಸಿ ಕೂತರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಸಂಕೋಚ ಇರಬೇಕೆಂದು ಸೊಸೆ ತಾನೇ ಶುರು ಮಾಡಿದಳು. "ಮತ್ತೆ, ಎಲ್ಲ ಹೇಗಿದ್ದೀರಿ?"

ಟೈಲರಮ್ಮ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಬೀಗದವನು ತೊಡೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡ.

ಆಗ ಅವಳಿಗೆ ಹೊಳೆಯಿತು. ಅವಳು 'ಸುಮ್ಮನೆ' ಎಂದು ಬರೆದದ್ದು ಯಾವ ಕಾರಣವೂ ಇಲ್ಲದೆ ಬನ್ನಿ ಅಂತ. ಇವರು ಓದಿಕೊಂಡದ್ದು ಬಾಯಿ ಮುಚ್ಚಿಕೊಂಡು ಕೂರೋಣ ಅಂತ. ಎದ್ದು ನಿಂತು ಬಿಡಿಸಿ ಹೇಳಬೇಕಿತ್ತು. ಆದರೆ ಕುರ್ಚಿ ಮೆತ್ತಗಿತ್ತು, ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಯಾರಿಗೂ ಹೂಂ ಅನ್ನಬೇಕಾಗಿರಲಿಲ್ಲ. ಇನ್ನೊಂದು ನಿಮಿಷ ಬಿಟ್ಟು ಹೇಳಿದರಾಯಿತು ಅಂದುಕೊಂಡಳು. ಕತ್ತು ವಾಲಿತು.

ಎಚ್ಚರವಾದದ್ದು ಅತ್ತೆಯ ದನಿಗೆ. ಕಣ್ಣು ತೆರೆಯುವಷ್ಟು ಎಚ್ಚರವಲ್ಲ, ಕಿವಿಗೆ ಮಾತ್ರ.

"ಇದು ಎಷ್ಟೊತ್ತು ನಡೆಯತ್ತೆ?"

"ಶ್, ಮಾತಾಡಬಾರದಂತೆ" ಎಂದು ಟೈಲರಮ್ಮನ ಪಿಸುದನಿ.

"ಯಾರಂದಿದ್ದು?"

"ಬರ್ದು ಅಂಟಿಸಿದ್ದಾರಲ್ಲ."

"ಬರೆದೋಳು ನನ್ನ ಸೊಸೆ. ಇಗೋ ನೋಡಿ, ಅವಳೇ ಗೊರಕೆ ಹೊಡೀತಿದ್ದಾಳೆ."

ಬೀಗದವನು ಕಿಸಕ್ಕೆಂದ. ಅದರ ಹಿಂದೆಯೇ ಇನ್ಯಾರೋ ನಕ್ಕರು. ಕುರ್ಚಿಗಳನ್ನು ಎಳೆದಾಡಿದ ಸದ್ದಾಯಿತು. ಟೈಲರಮ್ಮ ಹತ್ತಿರ ಸರಿದು ಕೇಳಿದಳು, "ಸೊಸೆ ಹೇಗೆ?"

"ಒಳ್ಳೇವಳೇ" ಅಂದಳು ಅತ್ತೆ. "ಆದ್ರೆ..."

ಆ 'ಆದ್ರೆ'ಯ ಹಿಂದೆ ಎಷ್ಟು ತಿಂಗಳ ಸರಕಿತ್ತೋ. ಬಟ್ಟೆ ಹಿಂಡಕ್ಕೆ ಬರಲ್ಲ. ಬಾಗಿಲು ಹಾಕಿದ್ರೆ ಗೋಡೆ ಅದುರತ್ತೆ. ಉಪ್ಪು ಹಾಕೋವಾಗ ಕೈಗೆ ಲಂಗು ಲಗಾಮಿಲ್ಲ. "ಮೊನ್ನೆ ನನ್ನನ್ನೇ ಸಾರ್ ಅಂದ್ಳು ಕಣ್ರೀ."

"ಅನ್ನಲಿ ಬಿಡಿ. ನಾನು ಫೋನ್ ಮಾಡಿದ್ರೆ ನನ್ನ ಸೊಸೆ ರಾಂಗ್ ನಂಬರ್ ಅಂತಾಳೆ." ಇಬ್ಬರೂ ನಕ್ಕರು. ಟೈಲರಮ್ಮ ದಾರ ಕಚ್ಚಿ ತುಂಡು ಮಾಡಿ ಹೇಳಿದಳು, "ನಾಳೆ ಮಧ್ಯಾಹ್ನ ಮೇಲೆ ಬನ್ನಿ. ಹೇಗೂ ನಾನು ಮಷೀನ್ ಮುಂದೆ ಕೂತೇ ಇರ್ತೀನಿ."

"ಬರ್ತೀನಿ. ಇನ್ನೂ ತುಂಬ ಹೇಳೋದಿದೆ."

ಹೌದಲ್ಲ, ಅಂದುಕೊಂಡಳು ಸೊಸೆ. ಇದನ್ನೆಲ್ಲ ತನ್ನ ಮುಂದೆ ಹೇಳುವುದು ಹೇಗೆ? ಅದಕ್ಕೇ ಇಷ್ಟು ದಿನ ಬರೀ ಬೆಕ್ಕು, ನಲ್ಲಿ, ಕೆಳಗಿನವರ ಕೆಮ್ಮು.

ಉಪ್ಪಿನ ಮಾತು ಮಾತ್ರ ಅಪ್ಪಟ ಸುಳ್ಳು. ಅವಳು ಹಾಕಿ ಹೋದದ್ದಕ್ಕೆ ಅತ್ತೆಯೇ ಮರೆತು ಇನ್ನೊಮ್ಮೆ ಹಾಕುತ್ತಿದ್ದಳು. ಹೇಳಿಬಿಡಬೇಕೆಂದು ನಾಲಿಗೆ ತುರಿಸಿತು. ಆದರೆ ಕಣ್ಣು ತೆರೆದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಅವಳು ಕತ್ತನ್ನು ಇನ್ನೊಂದು ಮಗ್ಗುಲಿಗೆ ವಾಲಿಸಿ, ಅತ್ತೆಗೆ ಕೇಳುವ ಹಾಗೆ ಒಂದು ಗೊರಕೆ ಹೊಡೆದಳು.