ಬಣ್ಣದ ಮನೆಯ ನೆರೆಯವರು

ಬೇಕರಿಯವನ ಹೆಂಡತಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗಂಡ ಆಗಲೇ ಒಳಗೆ ಹೋಗಿ, ಬಟ್ಟೆಗೆ ಬಣ್ಣ ಕಾಯಿಸುತ್ತಿದ್ದ ಹಳೆಯ ಒಲೆಗಳ ಜಾಗದಲ್ಲಿ ತನ್ನ ಒಲೆ ಎಲ್ಲಿ ಕೂರುತ್ತದೆಂದು ಗೇಣು ಹಾಕಿ ಅಳೆಯುತ್ತಿದ್ದ.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಈ ಮನೇಲಿ ಜಿನ್ ಇದೆ ಅಂತ ಬೀದಿಯೆಲ್ಲ ಹೇಳ್ತಾರೆ. ನನಗೆ ಚಿಕ್ಕ ಮಕ್ಕಳಿದಾರೆ. ನಿಜ ಹೇಳಿಬಿಡಿ."

ಮನೆ ಮಾರಲು ಹೊರಟಿದ್ದ ಬಣ್ಣಗಾರನ ಮಗಳಿಗೆ ಈಗ ಐವತ್ತೆಂಟು. ಮನೆ ಕೊಳ್ಳಲು ಬಂದ ಮೂವರು ಇದೇ ಮಾತಿಗೆ ಹೆದರಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದ್ದರು. ಇಲ್ಲ ಎಂದು ಒಂದು ಮಾತು ಅಂದಿದ್ದರೆ ಆಗುತ್ತಿತ್ತು.

"ಆ ಮಾತು ಹುಟ್ಟಿಸಿದ್ದೇ ನಾನು," ಎಂದಳು. "ಒಂಬತ್ತು ವರ್ಷ ನನಗೆ. ಯಾರದೋ ಮದುವೆ ಬಟ್ಟೆಗೆ ಅಂತ ಅಪ್ಪ ಮೂರು ದಿನ ಹದ ಮಾಡಿ ಆರಲಿಟ್ಟಿದ್ದ ನೀಲಿ. ಓಡಿಬರ್ತಾ ಒದ್ದು ಚೆಲ್ಲಿಬಿಟ್ಟೆ. ಜಿನ್ ಚೆಲ್ತು, ಕಣ್ಣಾರೆ ಕಂಡೆ ಅಂದೆ. ಅಪ್ಪ ನಂಬಿದ್ರು. ಸಂಜೆಯೊಳಗೆ ಬೀದಿಯೂ ನಂಬ್ತು."

ಅಮ್ಮ ಮಾತ್ರ ಅವಳ ನೀಲಿ ಹಿಮ್ಮಡಿ ನೋಡಿದ್ದಳು. ಬೈಯಲಿಲ್ಲ. ಕಾಲನ್ನು ಮಡಿಲಿಗೆಳೆದುಕೊಂಡು ತಿಕ್ಕುತ್ತಾ ಹೇಳಿದ್ದಳು: "ಅಲ್ಲಾಹು ದೇವದೂತರನ್ನ ಬೆಳಕಿಂದ ಮಾಡಿದ, ನಮ್ಮನ್ನ ಮಣ್ಣಿಂದ, ಜಿನ್‌ಗಳನ್ನ ಹೊಗೆಯಿಲ್ಲದ ಬೆಂಕಿಯಿಂದ. ಅವರಿಗೂ ಮಕ್ಕಳುಮರಿ ಇದಾರೆ ಕಣೇ. ಅವರಲ್ಲೂ ನಮಾಜು ಮಾಡೋರಿದಾರೆ, ದಾರಿ ತಪ್ಪಿದೋರೂ ಇದಾರೆ. ಕಡೇ ದಿನ ನಮ್ಮ ಹಾಗೇ ಅವರೂ ಬಂದು ನಿಲ್ಲಬೇಕು. ಅವತ್ತು ಯಾರಾದ್ರೂ, ಈ ಹುಡುಗಿ ನನ್ನ ಮೇಲೆ ಸುಳ್ಳು ಹೊರಿಸಿದ್ಲು ಅಂದ್ರೆ ಏನಂತೀಯ?"

ಅವಳು ಖಾಲಿ ಮೂಲೆಗೆ ತಿರುಗಿ, ತಪ್ಪಾಯ್ತು ಎಂದು ಬಿಕ್ಕಿದ್ದಳು. "ಅಪ್ಪನಿಗೂ ಹೇಳು," ಎಂದಿದ್ದಳು ಅಮ್ಮ. ಆ ಧೈರ್ಯ ಅಂದು ಬರಲಿಲ್ಲ. ಅಪ್ಪ ತೀರಿಕೊಳ್ಳುವ ತನಕವೂ ಬರಲಿಲ್ಲ. ಪಾಪ, ಅಂದಿನಿಂದ ಅವನು ಬಿಸಿನೀರನ್ನು ಮೋರಿಗೆ ಸುರಿಯುವ ಮೊದಲು, ಅಲ್ಲಿ ಜಿನ್ ಇದ್ದರೆ ಸುಡದಿರಲೆಂದು, "ಬಿಸ್ಮಿಲ್ಲಾ, ಸ್ವಲ್ಪ ಸರೀರಪ್ಪಾ," ಎಂದು ನೆಂಟರಿಗೆ ಹೇಳಿದ ಹಾಗೆ ಹೇಳುತ್ತಿದ್ದ. ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಕೇಳಿಸಿಕೊಳ್ಳುವಾಗ ಅವಳಿಗೆ ಮನೆ ತುಂಬಿದಂತೆನಿಸುತ್ತಿತ್ತು. ಈಗಿನ ಬಾಡಿಗೆ ಕೋಣೆಯಲ್ಲಿ ನೀರು ಸದ್ದಿಲ್ಲದೆ ಕೊಳವೆಗೆ ಇಳಿದುಹೋಗುತ್ತದೆ.

"ಹಾಗಾದ್ರೆ ಇಲ್ಲಿ ಏನೂ ಇಲ್ಲ ಅನ್ನಿ."

"ಅದು ನನಗೆ ಗೊತ್ತಿಲ್ಲಮ್ಮ. ಕಾಣದೋರ ಬಗ್ಗೆ ಇನ್ನೊಂದು ಸುಳ್ಳು ಹೇಳಲಾರೆ. ಇದ್ರೂ ಇರಬಹುದು. ನಮ್ಮ ಕೂದಲಂತೂ ಕೊಂಕಲಿಲ್ಲ."

"ಒಲೆ ಸರಿಯಾಗಿ ಕೂರುತ್ತೆ ಕಣೇ," ಎಂದು ಗಂಡ ಒಳಗಿನಿಂದ ಕೂಗಿದ.

ಅವನ ಹೆಂಡತಿ ಚಪ್ಪಲಿ ಕಳಚಿದಳು. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಬಲಗಾಲು ಒಳಗಿಟ್ಟಳು. ಗಂಡ ನಿಂತಿರದ ಖಾಲಿ ಮೂಲೆಯ ಕಡೆಗೆ ನೋಡುತ್ತಾ ಮೆಲ್ಲಗೆ ಸಲಾಂ ಹೇಳಿ, ಯಾರಾದರೂ ಮರುಸಲಾಂ ಹೇಳಲಿ ಎಂಬಂತೆ ಅರೆಗಳಿಗೆ ಅಲ್ಲೇ ನಿಂತಳು.