ಎಡಗಾಲು ಬಾಯಿ ಬಿಟ್ಟ ಮುಂಜಾವು

ಕಾಲುಚೀಲ ಇದ್ದಷ್ಟು ಕಾಲು ಚಾಚು ಅಂತ ಗಾದೆ. ಹಿರಿಯರು ಹಾಸಿಗೆ ಅಂದಿದ್ದರೆ, ಅವರ ಕಾಲು ಊದಿರಲಿಲ್ಲ, ಅಷ್ಟೆ. ಮುಂದಿನದೆಲ್ಲ ನಡೆದದ್ದೇ, ಸುಳ್ಳು ಕಾಲುಭಾಗವೂ ಇಲ್ಲ.

ಮೂವತ್ತು ವರ್ಷ ಕುರ್ಚಿಯ ಸುತ್ತ ನಿಂತೇ ಊರಿನ ತಲೆ ಸವರಿದ ಕ್ಷೌರಿಕ ಅವನು. ನಿಂತೂ ನಿಂತೂ ಎಡಗಾಲಿನ ನರ ಉಬ್ಬಿ, ಹರಡಿನ ಮೇಲೆ ಹುಣ್ಣಾಗಿ, ಹದಿನಾಲ್ಕು ತಿಂಗಳು ಅಂಗಡಿಗೆ ಬೀಗ ಬಿದ್ದಿತ್ತು. ಹುಣ್ಣು ಮಾಯ್ದ ದಿನ ನರ್ಸಮ್ಮ ಬಿಗಿಯಾದ ಉದ್ದನೆಯ ಕಾಲುಚೀಲ ಕೈಗಿಟ್ಟು, "ಮಾಯ್ತು ಅಂತ ಮರೀಬೇಡಿ. ಬೆಳಗ್ಗೆ ಕಾಲು ನೆಲಕ್ಕಿಡೋ ಮೊದ್ಲೇ ಹಾಕ್ಕೊಳ್ಳಿ, ದಿನಾ. ಇಲ್ಲಾಂದ್ರೆ ಹುಣ್ಣು ಮತ್ತೆ ಬರುತ್ತೆ" ಎಂದಿದ್ದಳು. ಇನ್ನೊಮ್ಮೆ ಬಾಗಿಲು ಮುಚ್ಚಿದರೆ ಅಂಗಡಿ ಬೇರೆಯವರ ಪಾಲು ಎಂದು ಕಟ್ಟಡದ ಮಾಲೀಕನೂ ಹೇಳಿಯಾಗಿತ್ತು.

ಅಂಗಡಿ ಮತ್ತೆ ತೆರೆದು ಮೂರು ವಾರ ಹಾಕಿದ. ಆಮೇಲೆ ಸೆಖೆ, ಏರಿಸುವುದೇ ಒಂದು ಕುಸ್ತಿ. ಹಗಲೆಲ್ಲ ಅದನ್ನು ದಿಂಬಿನಡಿ ಮಲಗಿಸಿ, ಸಂಜೆ ನೀರಲ್ಲಿ ಅದ್ದಿ, ತೊಟ್ಟು ಒಗೆದವನ ಹಾಗೆ ಹಗ್ಗಕ್ಕೆ ಹಾಕತೊಡಗಿದ.

ಒಂದು ಮುಂಜಾವು. ಕಿಟಕಿಯಲ್ಲಿ ಬೂದು ಬೆಳಕು. ಕನಸಿನಲ್ಲಿ ಕತ್ತರಿಗಳು ಹಕ್ಕಿಗಳಾಗಿ ಹಾರುತ್ತಿದ್ದವು, ಬಿದ್ದ ಕೂದಲು ಮೋಡವಾಗಿ ತೇಲುತ್ತಿತ್ತು. ಕಾಲ ಕಡೆಯಿಂದ ಅವನದೇ ದನಿ ಕೇಳಿಸಿತು.

"ಏನಯ್ಯಾ, ನನ್ನ ಮರೆತ್ಯಾ?"

"ಯಾರದು?"

"ನಿನ್ನ ಎಡಗಾಲು."

ಕಾಲು ತನ್ನದಾದ ಮೇಲೆ ದನಿ ಇನ್ಯಾರದಿದ್ದೀತು? ಅವನಿಗೆ ಅಚ್ಚರಿಯೇ ಆಗಲಿಲ್ಲ.

"ಬಲಗಾಲು ಯಾಕೆ ಸುಮ್ನಿದೆ?"

"ಅದಕ್ಕೇನು ಕಷ್ಟ? ಹದಿನಾಲ್ಕು ತಿಂಗಳು ಸೋರಿದ್ದು ನಾನು. ಹರಡಿನ ಹತ್ರ ಒಂದ್ಸಲ ಮುಟ್ಟಿ ನೋಡು."

ಮುಟ್ಟಿದ. ಚರ್ಮ ಒಣಗಿ ಬಿಗಿದು ನವೆಯೇಳುತ್ತಿತ್ತು. ಧೂಳು ಹಿಡಿದ ಬೀಗ, ಬಟ್ಟೆ ಹೊದ್ದು ಕೂತ ಕುರ್ಚಿ ಕಣ್ಣ ಮುಂದೆ ತೇಲಿಬಂದವು.

"ತಪ್ಪಾಯ್ತು ಮಾರಾಯ. ಈಗೇನ್ ಮಾಡ್ಲಿ?"

"ಇವತ್ತೇ ನರ್ಸಮ್ಮಂಗೆ ತೋರಿಸು. ಮಲಗೋವಾಗ ಮುಲಾಮು ಹಚ್ಚು. ಗಿರಾಕಿ ಇಲ್ದಾಗ ನನ್ನ ಸ್ಟೂಲ್ ಮೇಲೆ ಎತ್ತಿಡು."

ಆಗಲಿ ಎಂದು ಅವನು ನಿದ್ದೆಗಣ್ಣಲ್ಲೇ ಕಾಲನ್ನು ಮಂಚದಿಂದ ಇಳಿಸಹೋದ.

"ಅಯ್ಯೋ, ಚೀಲ ಹಾಕ್ದೆ ನೆಲಕ್ಕೆ ಇಳೀಬೇಡ ಅಪ್ಪಾ!"

ಅಪ್ಪಾ?

ಕನಸು ಹರಿಯಿತು. ತನಗಿಂತ ಒಂದು ದಿನವೂ ಚಿಕ್ಕದಲ್ಲದ ಕಾಲು ತನ್ನನ್ನು ಅಪ್ಪಾ ಎನ್ನುವುದೇ? ಬಗ್ಗಿ ನೋಡಿದರೆ, ಮಂಚದ ಕೊನೆಯಲ್ಲಿ ಊರಿನವರ ದನಿಯೆಲ್ಲ ಕದ್ದು ಅಣಕಿಸುವ ಮಗಳು ಬಾಯಿಗೆ ಕೈಯೊತ್ತಿ ಕೂತಿದ್ದಾಳೆ. ಬಾಗಿಲಲ್ಲಿ ಹೆಂಡತಿ ನಗು ತಡೆಯಲಾರದೆ ಗೋಡೆ ಹಿಡಿದಿದ್ದಾಳೆ.

"ನಾನು ಹಾಕ್ತಿಲ್ಲ ಅಂತ ಹೆಂಗೆ ಗೊತ್ತಾಯ್ತೇ?"

"ನಿನ್ನ ಬುತ್ತಿ ಡಬ್ಬೀಲೂ ಗಿರಾಕಿಗಳ ಕೂದಲು ಸಿಗುತ್ತೆ. ಹಗ್ಗದ ಮೇಲಿನ ಕಾಲುಚೀಲದಲ್ಲಿ ಮಾತ್ರ ಒಂದೆಳೆನೂ ಇಲ್ಲ!" ಎಂದಳು ಮಗಳು.

ಅವನು ಮಂಚದ ಮೇಲೆಯೇ ಕೂತು, ಹೆಂಡತಿ ಹಗ್ಗದಿಂದ ತಂದುಕೊಟ್ಟ ಚೀಲದ ಹಿಮ್ಮಡಿ ಸರಿಯಾಗಿ ಕೂರಿಸಿ, ಸುಕ್ಕಿಲ್ಲದಂತೆ ಮೊಣಕಾಲವರೆಗೆ ಏರಿಸಿದ. ಆಮೇಲೆ ಕಾಲೆತ್ತಿ ಹೆಬ್ಬೆರಳನ್ನು ಕೇಳಿದ: "ಏನು ಮಗನೇ, ಈಗ ಸಮಾಧಾನಾನಾ?"

ಕೇಳಿದವನೇ ನಗತೊಡಗಿದ. ತಾಯಿ, ಮಗಳು ನಕ್ಕು ಸುಸ್ತಾಗಿ ಕೂತ ಮೇಲೂ ಅವನ ನಗು ನಿಲ್ಲಲಿಲ್ಲ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.